ಹಸಿರು ಸೀರೆ, ಬಲಗೈ ಮೇಲೆ ಹಚ್ಚೆ

ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ನಾನು ಬಾಯಿ ತೆರೆದರೆ ಜನ ತಿರುಗಿ ನೋಡುತ್ತಾರೆ. ನೋಡುವಂಥದ್ದು ನನ್ನಲ್ಲಿ ಏನೂ ಇಲ್ಲ. ದಪ್ಪ ಕನ್ನಡಕ, ನೂಲಿನ ಸೀರೆ, ಕೈಯಲ್ಲಿ ಕಾಯಿಪಲ್ಲೆಯ ಚೀಲ. ಆದರೆ ಆಧಾರ್ ಕಾರ್ಡು ಮುಂದೆ ಹಿಡಿದು ಕಂಡಕ್ಟರನಿಗೆ ‘ನಿಪ್ಪಾಣಿ ಒಂದು ಕೊಡ್ರಿ’ ಅಂದ ಕೂಡಲೇ ಮುಂದಿನ ಸೀಟಿನ ಹೆಂಗಸು ಕತ್ತು ಹೊರಳಿಸಿ, ‘ನೀವು ಆಟೋದಾಗಿನ ಬಾಯಾರ ಅಲ್ರಿ?’ ಎಂದು ಕೇಳುತ್ತಾಳೆ. ಹೌದು, ಆಟೋದಾಗಿನ ಬಾಯಾರು, ಅಂದರೆ ಆಟೋದ ಅಮ್ಮನವರು, ನಾನೇ. ಬಟ್ಟೆ ಅಂಗಡಿಯ ರಿಯಾಯಿತಿ ಮಾರಾಟ, ಕಣ್ಣಿನ ತಪಾಸಣೆಯ ಶಿಬಿರ, ನಾಳೆ ನೀರು ಬರುವುದಿಲ್ಲ ಎಂಬ ಸೂಚನೆ, ಶುಕ್ರವಾರ ಬಿಡುಗಡೆಯಾಗುವ ಪಿಕ್ಚರು, ಎಲ್ಲವೂ ನನ್ನ ಬಾಯಿಂದಲೇ ಓಣಿ ಓಣಿಗೆ ಹೋಗುತ್ತವೆ.

ಕೆಲಸ ನಡೆಯುವುದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ದನಿ ಗೋಡೆಗೆ ಬಡಿದು ವಾಪಸು ಬರಬಾರದೆಂದು ನಮ್ಮತ್ತೆ ಹೊಲಿದಿಟ್ಟು ಹೋದ ಕೌದಿಗಳನ್ನು ಸುತ್ತಲೂ ತೂಗುಹಾಕಿದ್ದೇನೆ. ಫ್ಯಾನು ಆರಿಸಿ, ಒಲೆಯ ಮೇಲಿನ ಕುಕ್ಕರು ಇಳಿಸಿ, ಬಾಗಿಲು ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತ ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಹೇಳುತ್ತೇನೆ. ಅದನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಆಟೋದವರು ಗಾಡಿಯ ತಲೆಯ ಮೇಲಿನ ಭೋಂಗಾ ಸ್ಪೀಕರಿನಲ್ಲಿ ದಿನವಿಡೀ ಹಚ್ಚುತ್ತಾರೆ. ನಾನು ಇಲ್ಲಿ ರೊಟ್ಟಿ ಬಡಿಯುತ್ತಿರುವಾಗ ನನ್ನ ದನಿ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ಸುತ್ತಿ ಬರುತ್ತದೆ. ಮನೆಯಲ್ಲಿ ಮಾತ್ರ ‘ಊಟಕ್ಕ ಬರ್ರಿ’ ಎಂದು ಕರೆದರೆ ಯಾರಿಗೂ ಕೇಳಿಸುವುದಿಲ್ಲ.

ಪಿಕ್ಚರಿನ ಪ್ರಚಾರವೆಂದರೆ ನನಗೆ ಮೊದಲಿನಿಂದಲೂ ಖುಷಿ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಟ್ರೇಲರು ಅದರಲ್ಲೇ ಬರುತ್ತದೆ. ಆದರೂ ಊರಲ್ಲಿ ಏನಾದರೂ ಗದ್ದಲ ಎದ್ದರೇನೇ ನಮ್ಮ ಮಂದಿ ಟಾಕೀಜಿನತ್ತ ಹೆಜ್ಜೆ ಹಾಕುವುದು. ಟಗರಿನ ಕಾಳಗವಿದ್ದ ಒಂದು ಪಿಕ್ಚರಿಗೆ ನಿಜವಾದ ಟಗರಿನ ಮೈಗೆ ಪೋಸ್ಟರು ಕಟ್ಟಿ ರಾಯಬಾಗದ ಸಂತೆಯಲ್ಲಿ ಮೆರವಣಿಗೆ ತೆಗೆದಿದ್ದರು. ಅರ್ಧ ದಾರಿಯಲ್ಲಿ ಅದು ಕತ್ತು ತಿರುಗಿಸಿ ತನ್ನ ಮೈಮೇಲಿದ್ದ ನಾಯಕನ ಮುಖವನ್ನೇ ತಿಂದುಬಿಟ್ಟಿತು. ಕುರಿ ಸಾಕಿದ ಮುದುಕರೊಬ್ಬರು, ‘ಪಿಕ್ಚರ ರುಚಿ ಐತಿ ಅಂತಾತು’ ಎಂದಿದ್ದರು. ಇನ್ನೊಂದಕ್ಕೆ ಚಹಾದಂಗಡಿಯ ಕಾಗದದ ಕಪ್ಪುಗಳ ಮೇಲೆಲ್ಲ ನಾಯಕಿಯ ಚಿತ್ರ ಹಚ್ಚಿದ್ದರು. ಮತ್ತೊಂದಕ್ಕೆ ಬಂಗಾರದ ಅಂಗಡಿಯವರು ನಾಯಕಿ ಹಾಕಿಕೊಂಡಂಥ ಬುಗುಡಿ ಕೊಂಡವರಿಗೆ ಟಿಕೆಟು ಪುಕ್ಕಟೆ ಎಂದು ನನ್ನಿಂದ ಸಾರಿಸಿದ್ದರು. ಇದೆಲ್ಲ ಆಟ ಎಂಬುದು ಹೇಳುವ ನನಗೂ ಗೊತ್ತಿತ್ತು, ಕೇಳುವವರಿಗೂ ಗೊತ್ತಿತ್ತು. ಗೊತ್ತಿದ್ದು ಆಡುವ ಆಟದಲ್ಲಿ ಯಾರಿಗೂ ನೋವಾಗುವುದಿಲ್ಲ.

ಮೂರು ಕೆಲಸಕ್ಕೆ ಮಾತ್ರ ನಾನು ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ: ತೀರಿಕೊಂಡವರ ಸುದ್ದಿ, ತಪ್ಪಿಸಿಕೊಂಡ ದನಕರು, ಕಾಣೆಯಾದ ಮನುಷ್ಯರು. ಆ ಮೂರಕ್ಕೆ ನನ್ನ ದನಿಯೂ ಬೇರೆ. ಅಲ್ಲಿ ಏರಿಳಿತವಿಲ್ಲ, ‘ತ್ವರೆ ಮಾಡಿ’ ಎಂಬ ಅವಸರವಿಲ್ಲ. ಆ ದನಿ ಓಣಿಗೆ ಬಂದರೆ ಹೆಂಗಸರು ನಳ ಬಂದ್ ಮಾಡಿ ಹೊಸ್ತಿಲಿಗೆ ಬಂದು ನಿಲ್ಲುತ್ತಾರೆ ಎಂದು ಆಟೋದವರು ಹೇಳುತ್ತಿದ್ದರು. ಅದನ್ನು ಕೇಳಿ ನನಗೆ ಒಳಗೊಳಗೇ ಹೆಮ್ಮೆ.

ಕಾಣೆಯಾದವರ ಅಲೌನ್ಸಿಗೆ, ಅಂದರೆ ಭೋಂಗಾದ ಪ್ರಕಟಣೆಗೆ, ನಮ್ಮ ಕಡೆ ಒಂದು ಪದ್ಧತಿ ಇತ್ತು. ಗಂಡಸಾದರೆ ಹೆಸರು, ತಂದೆಯ ಹೆಸರು, ಊರು ಎಲ್ಲ ಹೇಳುತ್ತೇವೆ. ಮದುವೆಯಾದ ಹೆಣ್ಣಾದರೆ ಹೆಸರೂ ಇಲ್ಲ, ಊರೂ ಇಲ್ಲ. ಹೇಳಿದರೆ ತವರು, ಗಂಡನ ಮನೆ ಎರಡರ ಮರ್ಯಾದೆಯೂ ಭೋಂಗಾದಲ್ಲಿ ಹೋಯಿತು ಎಂದೇ ಎಲ್ಲರ ಭಾವನೆ. ಹಾಗಾಗಿ ಗುರುತು ಮಾತ್ರ: ಉಟ್ಟ ಸೀರೆ ಯಾವ ಬಣ್ಣ, ಮೈಮೇಲೆ ಮಚ್ಚೆ ಎಲ್ಲಿ, ಹಚ್ಚೆ ಎಲ್ಲಿ, ಯಾವ ಭಾಷೆ ಆಡುತ್ತಾಳೆ. ಹುಡುಕುವವರಿಗೆ ಅಷ್ಟು ಸಾಕು, ಹೋದವಳ ಕಿವಿಗೆ ಬಿದ್ದರೆ ಇದು ತನ್ನನ್ನೇ ಕರೆಯುವುದು ಎಂದು ಅವಳಿಗೂ ತಿಳಿಯುತ್ತದೆ. ಹೇಳಿಸುವವರು ಯಾರು ಎಂದು ನಾವೂ ಕೆದಕಿ ಕೇಳುವುದಿಲ್ಲ.

ಆಟೋದವರಲ್ಲಿ ಒಬ್ಬ ನನಗೆ ತಮ್ಮನಾಗಿದ್ದ. ಒಡಹುಟ್ಟಿದವನಲ್ಲ, ನಾನೇ ತಮ್ಮ ಅಂದುಕೊಂಡವನು. ನನಗೆ ಅಣ್ಣತಮ್ಮಂದಿರಿಲ್ಲ. ಪ್ರತಿ ಪಂಚಮಿಗೆ ಅವನು ಮನೆಗೆ ಬಂದು, ನಾನು ಕಟ್ಟಿದ ಶೇಂಗಾ ಉಂಡಿ ಗಟ್ಟಿಯಾಗಿದೆ ಎಂದು ತಮಾಷೆ ಮಾಡುತ್ತಲೇ ತಿಂದು, ಕುಪ್ಪಸದ ಕಣ ಕೊಟ್ಟು ಹೋಗುತ್ತಿದ್ದ. ನನ್ನ ತಂದೆ ತೀರಿಕೊಂಡಾಗ ಕೌದಿಯ ಕೋಣೆಯಲ್ಲಿ ನನಗೆ ದನಿಯೇ ಹೊರಡಲಿಲ್ಲ. ಆಗ ನನ್ನ ಬದಲು ಮೈಕು ಹಿಡಿದು ಊರಿಗೆ ಸುದ್ದಿ ಹೇಳಿದವನು ಅವನು. ಅದನ್ನು ನಾನು ಮರೆಯುವಂತಿಲ್ಲ, ಅದಕ್ಕೇ ಮುಂದಿನದು ಇಷ್ಟು ನೋಯುತ್ತದೆ.

ಒಂದು ಸೋಮವಾರ ಮುಂಜಾನೆ ಅವನು ಬಂದ. ಚಹಾ ಬೇಡ ಅಂದ, ಕೂರಲೂ ಇಲ್ಲ.

‘ಅಕ್ಕಾ, ಒಂದು ಹೆಣಮಗಳು ಮನಿ ಬಿಟ್ಟು ಹೋಗ್ಯಾಳ. ತವರಮನ್ಯಾವ್ರು ಭಾಳ ಅಳಾಕತ್ತಾರ. ಲಗೂನ ಮಾಡಿಕೊಡು.’

‘ಯಾರ ಪೈಕಿನೋ?’

‘ಮರ್ಯಾದಿ ಮಂದಿ. ಕೇಳಬ್ಯಾಡ.’

ನಾನು ಕೇಳಲಿಲ್ಲ. ಅವನು ಗುರುತು ಹೇಳಿದ. ವಯಸ್ಸು ಮೂವತ್ತರ ಆಸುಪಾಸು. ಹಸಿರು ಇಳಕಲ್ ಸೀರೆ. ಬಲಗೈ ಮೇಲೆ ಹಚ್ಚೆ. ಕನ್ನಡ, ಮರಾಠಿ ಎರಡೂ ಆಡುತ್ತಾಳೆ. ತವರಿನವರು ಕಣ್ಣಲ್ಲಿ ನೀರು ಹಾಕುತ್ತ ಕಾದಿದ್ದಾರೆ. ಕಂಡವರು ಆಟೋದವನಿಗೆ ತಿಳಿಸಬೇಕು. ಅಷ್ಟೇ.

ನಾನು ಬಾಗಿಲು ಹಾಕಿಕೊಂಡು ಎಂದಿನಂತೆ ಪುಸ್ತಕದ ಕನ್ನಡದಲ್ಲಿ ಹೇಳಿ ಮುಗಿಸಿದೆ. ಮುಗಿಸಿದ ಮೇಲೂ ಮೈಕು ಆರಿಸಲು ಮನಸ್ಸಾಗಲಿಲ್ಲ. ಆ ಹೆಣ್ಣು ಎಲ್ಲಿ ಕೂತಿದ್ದಾಳೋ, ಯಾರ ಮನೆಯ ಕಟ್ಟೆಯ ಮೇಲೋ, ಉಂಡಿದ್ದಾಳೋ ಇಲ್ಲವೋ ಅನಿಸಿತು. ಅಲೌನ್ಸಿನ ಭಾಷೆ ಬಿಟ್ಟು ಮನೆಯ ಮಾತಿಗೆ ಇಳಿದೆ. ‘ತಂಗೀ, ಎಲ್ಲೆ ಇದ್ದರೂ ಕೇಳವಾ. ಯಾರೂ ಬೈಯೂದಿಲ್ಲ, ಯಾರೂ ಏನೂ ಕೇಳೂದಿಲ್ಲ. ಕೈಕಾಲ ತೊಳಕೊಂಡು ಉಣ್ಣಾಕ ಬಾ. ಮನಿಗಿ ಬಾ.’ ಮರಾಠಿಯಲ್ಲಿ ಹೇಳುವಾಗಲೂ ಇದನ್ನೇ ಸೇರಿಸಿದೆ. ಯಾರೂ ಹೇಳಿಕೊಟ್ಟದ್ದಲ್ಲ, ಅದು ನನ್ನದೇ ಮಾತು.

ಹೊರಗೆ ಬಂದಾಗ ತಮ್ಮ ನೆಲ ನೋಡುತ್ತ ನಿಂತಿದ್ದ. ಬಾಗಿಲ ಹೊರಗಿನಿಂದಲೇ ಅಷ್ಟೂ ಕೇಳಿಸಿಕೊಂಡಿದ್ದ. ಅವನಿಗೂ ಸಂಕಟವಾಗಿದೆ ಅಂದುಕೊಂಡೆ. ಪೆನ್‌ಡ್ರೈವು ಅವನ ಕೈಗಿಟ್ಟು, ಭುಜ ಮುಟ್ಟಿ ಕಳಿಸಿದೆ.

ಆ ವಾರ ನಮ್ಮ ಸೀಮೆಯ ಜನ ಏನೇನು ಮಾಡಿದರು ಎಂಬುದು ನನಗೆ ಒಂದೊಂದಾಗಿ ತಿಳಿಯಿತು. ರಾಯಬಾಗದ ಕಡೆ ಕಬ್ಬು ಕಡಿಯುವವರು ಕುಡುಗೋಲು ಕೆಳಗಿಟ್ಟು ಫಡದ ಒಳಗೆ ಸಾಲಾಗಿ ನಡೆದು ನೋಡಿ ಬಂದರಂತೆ. ಅಥಣಿ ಹತ್ತಿರದ ರೈತರೊಬ್ಬರು ಕಬ್ಬು ಕಡಿದುಳಿದ ಗರಿಯ ರವದಿಗೆ ಬೆಂಕಿ ಹಚ್ಚುವುದನ್ನು ಮುಂದಕ್ಕೆ ಹಾಕಿದರು. ಒಣರವದಿಯಲ್ಲಿ ಎಲ್ಲಾದರೂ ಆಕೆ ಮಲಗಿದ್ದರೆ ಎಂಬ ಭಯ. ಕಾಗವಾಡದ ದ್ರಾಕ್ಷಿ ತೋಟದವರು ಪಂಪಿನ ಮನೆಗಳ ಬೀಗ ತೆಗೆಸಿ ನೋಡಿದರು. ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ಕೆಲಸ ಮಾಡುವ ಹೆಂಗಸರು ಆಟೋ ನಿಲ್ಲಿಸಿ, ಮರಾಠಿಯದನ್ನು ಇನ್ನೊಮ್ಮೆ ಹಚ್ಚಿಸಿ ಕೇಳಿಕೊಂಡರು. ಕೃಷ್ಣಾ ದಂಡೆಯಲ್ಲಿ ಕುರಿ ಬಿಟ್ಟುಕೊಂಡು ಹೋಗುವವರು ಎದುರಾದವರನ್ನೆಲ್ಲ ಕೇಳಿದರು. ಯಾರಿಗೂ ಆಕೆಯ ಹೆಸರು ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲದ ಹೆಣ್ಣಿಗಾಗಿ ನಮ್ಮ ಮಂದಿ ಕೆಲಸ ಬಿಟ್ಟು ಹುಡುಕಿದರು.

ನನಗೆ ಅನ್ನ ಸೇರುತ್ತಿರಲಿಲ್ಲ. ದಿನಾ ಮುಂಜಾನೆ ತಮ್ಮನಿಗೆ ಫೋನ್ ಮಾಡುತ್ತಿದ್ದೆ.

‘ಸಿಕ್ಕಳೇನೋ?’

‘ಇಲ್ಲಕ್ಕಾ. ಹುಡುಕಾಕತ್ತಾರ.’

ಅವನು ಸೋಮವಾರ ಹೇಳಿದ ಸುಳ್ಳನ್ನು ಬೇಕಿದ್ದರೆ ನುಂಗಿಕೊಳ್ಳಬಹುದು. ನನ್ನ ದನಿಯಲ್ಲಿನ ನಡುಕ ಕೇಳಿಸಿಕೊಂಡೂ ಅವನು ಪ್ರತಿ ಮುಂಜಾನೆ ಅದನ್ನು ಹೊಸದಾಗಿ ಹೇಳಿದ. ಅದು ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ.

ಗುರುವಾರ ಸಂಜೆ ಅವನೇ ಫೋನ್ ಮಾಡಿದ. ‘ಅಕ್ಕಾ, ಸಿಕ್ಕಾಳಂತ. ನಾಳೆ ಮುಂಜಾನೆ ಟಾಕೀಜಿನ ಮುಂದ ಬಾ.’

‘ಟಾಕೀಜಿನ ಮುಂದ ಯಾಕೋ?’

‘ಎಲ್ಲಾರಿಗೂ ಗುರ್ತಿನ ಜಾಗಾ ಅಲ್ಲನ. ಅಲ್ಲೇ ಕರಕೊಂಡು ಬರತಾರ. ಬಾ, ನೀನ ಮುಂದ ಇರಬೇಕು.’

ನನಗೆ ಎಷ್ಟು ಸಂತೋಷವಾಯಿತೆಂದರೆ ಗ್ಯಾಸಿನ ಮೇಲಿನ ಹಾಲು ಉಕ್ಕಿ ಚೆಲ್ಲಿದ್ದೂ ಕಾಣಲಿಲ್ಲ. ಮರುದಿನ ಶುಕ್ರವಾರ. ಮನೆಗೆ ಮರಳುವ ಹೆಣ್ಣಿಗೆ ಬರಿಗೈಯಲ್ಲಿ ಎದುರಾಗಬಾರದು, ಉಡಿ ತುಂಬಬೇಕು ಅನಿಸಿತು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಬೇರು, ಎಲೆ ಅಡಿಕೆ ಚೀಲದಲ್ಲಿಟ್ಟೆ. ಕಣ ಹುಡುಕಿದಾಗ ಹೊಲಿಸದೆ ಇಟ್ಟಿದ್ದ ಹೊಸದೊಂದು ಸಿಕ್ಕಿತು, ಪಂಚಮಿಗೆ ತಮ್ಮನೇ ಕೊಟ್ಟದ್ದು. ಅದನ್ನೇ ಮೇಲಿಟ್ಟುಕೊಂಡೆ.

ಟಾಕೀಜಿನ ಮುಂದೆ ಜನ ಕಿಕ್ಕಿರಿದಿದ್ದರು. ಎಷ್ಟೋ ಮಂದಿ ಸುದ್ದಿ ಕೇಳಿ ನನ್ನ ಹಾಗೆಯೇ ಬಂದವರು. ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದ ಹೆಂಗಸರು ಸೆರಗು ಹೊದ್ದು ‘ಪಾಪ, ಸಿಕ್ಕಳಲ್ಲ’ ಎಂದು ಮಾತಾಡಿಕೊಳ್ಳುತ್ತಿದ್ದರು. ಹಲಗೆ ಬಾರಿಸುವವರು ಬಂದು ನಿಂತಾಗಲೇ ನನಗೆ ಏನೋ ಸರಿಯಿಲ್ಲ ಅನಿಸಿತು. ಕಾಣೆಯಾದವಳು ಮನೆಗೆ ಬರುವಾಗ ಯಾರು ಹಲಗೆ ಬಾರಿಸುತ್ತಾರೆ? ಅಷ್ಟರಲ್ಲಿ ಹೂವಿನ ಹಾರ ಹಾಕಿದ ತೆರೆದ ಜೀಪು ಬಂತು. ಅದರಲ್ಲಿ ಹಸಿರು ಸೀರೆ ಉಟ್ಟ ಹೆಣ್ಣೊಂದು ಎರಡೂ ಕೈ ಎತ್ತಿ ನಿಂತಿದ್ದಳು. ಬಲಗೈ ಮೇಲೆ ದೂರಕ್ಕೂ ಕಾಣುವಂತೆ ದಪ್ಪನೆ ಹಚ್ಚೆ ಬರೆದಿದ್ದರು. ಬೆಂಗಳೂರಿನ ಪ್ರಚಾರದವನೊಬ್ಬ ಮೈಕು ಹಿಡಿದು, ‘ನೀವೆಲ್ಲ ಹುಡುಕಿದ ಆಕೆ ಸಿಕ್ಕಿದ್ದಾಳೆ, ಇವತ್ತಿನಿಂದ ನಿಮ್ಮ ಚಿತ್ರಮಂದಿರದಲ್ಲಿ’ ಎಂದು ಕೂಗಿದ. ಗೋಡೆಯ ಮೇಲಿದ್ದ ಬಟ್ಟೆ ಸರಿಯಿತು, ಪೋಸ್ಟರು ಕಂಡಿತು.

ಆಮೇಲೆ ಯಾರೋ ಸಿಳ್ಳೆ ಹಾಕಿದರು, ಯಾರೋ ನಕ್ಕರು, ನಗು ಹಬ್ಬಿತು. ದೊಡ್ಡ ಸ್ಪೀಕರುಗಳಲ್ಲಿ ನನ್ನ ದನಿ ಬಂತು, ಹಿಂದೆ ಸಂಗೀತ ಸೇರಿಸಿದ್ದರು. ತಂಗೀ, ಎಲ್ಲೆ ಇದ್ದರೂ ಕೇಳವಾ. ಬದಿಯಲ್ಲಿ ಸೀರೆ ಅಂಗಡಿಯವರ ಮೇಜು ಇತ್ತು. ಒಂದೇ ನಮೂನೆಯ ಹಸಿರು ಸೀರೆ ಉಟ್ಟ ಹುಡುಗಿಯರು ‘ಕಳೆದುಹೋದವಳ ಸೀರೆ’ ಈ ವಾರ ಅಂಗಡಿಯಲ್ಲಿ ಲಭ್ಯ ಎಂಬ ಚೀಟಿ ಹಂಚುತ್ತಿದ್ದರು. ಆಗ ತಿಳಿಯಿತು, ನಾನು ಗುರುತು ಎಂದು ಅಷ್ಟು ಸಂಕಟದಿಂದ ಹೇಳಿದ್ದ ಹಸಿರು ಸೀರೆ ಅಂಗಡಿಯ ಜಾಹೀರಾತಾಗಿತ್ತು.

ತಮ್ಮ ಟಾಕೀಜಿನ ಮೆಟ್ಟಿಲ ಮೇಲೆ ಪಿಕ್ಚರಿನ ಹೆಸರಿದ್ದ ಅಂಗಿ ತೊಟ್ಟು, ಕೊರಳಲ್ಲಿ ಹಾರ ಹಾಕಿಕೊಂಡು ನಿಂತಿದ್ದ. ನಾನು ಜನರನ್ನು ಸರಿಸಿಕೊಂಡು ಹತ್ತಿರ ಹೋದೆ.

‘ಮೊದಲ ಗೊತ್ತಿತ್ತೇನೋ ನಿನಗ?’

‘ಗೊತ್ತಿತ್ತಕ್ಕಾ.’

‘ಮತ್ತ ನನಗ್ಯಾಕ ಹೇಳಲಿಲ್ಲ?’

‘ಹೇಳಿದ್ದರ ನಿನಗ ಆ ದನಿ ಬರತಿರಲಿಲ್ಲ.’

ಅವನು ಅದನ್ನು ಹೊಗಳಿಕೆಯ ಹಾಗೆ ಹೇಳಿದ. ಇಷ್ಟು ವರ್ಷ ನನ್ನ ಮನೆಯಲ್ಲಿ ಉಂಡು, ನನ್ನ ಅಳು ನಗು ಎಲ್ಲ ನೋಡಿ, ಯಾವ ಸುಳ್ಳಿಗೆ ನನ್ನ ದನಿ ಕರಗುತ್ತದೆ ಎಂಬುದನ್ನು ಕಲಿತಿದ್ದ. ಕಲಿತದ್ದನ್ನು ಪಿಕ್ಚರಿನವರಿಗೆ ಕೊಟ್ಟ. ಬೇರೆ ಯಾರೇ ಮೋಸ ಮಾಡಿದ್ದರೂ ಬೈದು ಮನೆಗೆ ಹೋಗುತ್ತಿದ್ದೆ. ಇವನಿಗೆ ಏನು ಬೈಯಬೇಕೆಂದು ತಿಳಿಯದೆ ಬಾಯಿಗೆ ಬಂದದ್ದೆಲ್ಲ ಬೈದೆ, ಗಟ್ಟಿಯಾಗಿಯೇ ಬೈದೆ. ಅಷ್ಟರಲ್ಲಿ ಪ್ರಚಾರದವನು ಫೋನು ಹಿಡಿದು ಬಂದ.

‘ಮೇಡಂ, ಸೂಪರ್. ಕೊನೆಯಲ್ಲಿ ಒಂದು ಮಾತು ಸೇರಿಸಿದಿರಲ್ಲ, ನಾವು ಬರೆಸಿದ್ರೂ ಬರ್ತಿರ್ಲಿಲ್ಲ. ರೀಲ್ ಮಾಡಿ ಹಾಕಿದೀವಿ, ಆಗಲೇ ಓಡ್ತಾ ಇದೆ. ಒಂದು ಸೆಲ್ಫಿ?’

‘ನಿಮ್ಮ ಅಕ್ಕನ ಕಡೆ ಹೇಳಸ್ರಿ ಇಂಥಾದ್ದು,’ ಎಂದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ನಗುತ್ತಲೇ ಜೀಪಿನ ಕಡೆ ಹೋದ.

ಯಾರೋ ನನ್ನ ಮೊಣಕೈ ಮುಟ್ಟಿದರು. ತಿರುಗಿದರೆ ಮೂವತ್ತರ ಒಬ್ಬ ಹೆಣ್ಣುಮಗಳು, ಹಸಿರು ಸೀರೆ, ಬಗಲಿಗೆ ಬಟ್ಟೆ ತುಂಬಿದ ಚೀಲ. ಕೈಯಲ್ಲಿ ಸೀರೆ ಅಂಗಡಿಯ ಚೀಟಿ ಇತ್ತು, ಯಾರೋ ತುರುಕಿದ್ದರು. ಕಾಲೇಜಿನ ಹುಡುಗನೊಬ್ಬ ಅವಳೂ ಪ್ರಚಾರದವಳೇ ಎಂದುಕೊಂಡು ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ.

‘ಅಕ್ಕಾರ, ಈಗ ಬೈಯಾಕತ್ತಿದ್ರಲ್ರಿ, ಆ ದನಿ ಕೇಳಿ ಗುರ್ತ ಹಿಡದ್ನಿ. ನೀವ ಅಲ್ರಿ ಆಟೋದಾಗ ಹೇಳಿದವ್ರು?’

‘ಹೌದವಾ.’

‘ನಮ್ಮವ್ವ ಎಲ್ಲಿ ಅದಾಳ್ರಿ?’

ನನಗೆ ಮೊದಲು ಏನೂ ಹೊಳೆಯಲಿಲ್ಲ. ಅವಳು ಬಲಗೈ ಮುಂದೆ ಚಾಚಿದಳು. ಮುಂಗೈ ಮೇಲೆ ತುಳಸಿಕಟ್ಟೆಯ ಹಚ್ಚೆ, ಮಾಸಿ ಹಸಿರುಗಟ್ಟಿದ್ದು. ಅವಳ ಸೀರೆ ಹುಡುಗಿಯರದರಂತೆ ಹೊಸದಲ್ಲ, ಮಡಿಕೆಯ ಗೆರೆಯ ಮೇಲೆ ಬಣ್ಣ ಹೋಗಿತ್ತು. ನಾನು ಅವಳ ಕೈ ಹಿಡಿದು ಜನರ ನಡುವಿನಿಂದ ಹೊರಗೆ ತಂದೆ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಅವಳು ಎಲ್ಲ ಹೇಳಿದಳು.

ಗಂಡನ ಮನೆಯ ಹೊಡೆತ ತಾಳದೆ ಮನೆ ಬಿಟ್ಟವಳು. ತವರಿಗೆ ಹೋದರೆ, ಇಲ್ಲಿ ಜಾಗವಿಲ್ಲ, ಅಲ್ಲೇ ಬಾಳ್ವೆ ಮಾಡು ಎಂದು ಹೊಸ್ತಿಲಿನಿಂದಲೇ ಕಳಿಸಿದ್ದರು. ಆಮೇಲೆ ಕುಡಚಿಗೆ ಬಂದು, ಮುಸಲ್ಮಾನರ ಅಜ್ಜಿಯೊಬ್ಬರ ಮನೆಯ ಹಿಂದಿನ ಕೋಣೆಯಲ್ಲಿದ್ದು, ಸೀರೆಗೆ ಫಾಲ್ ಹಚ್ಚಿಕೊಂಡು ಬದುಕಿದ್ದಳು. ಎಲ್ಲಿದ್ದೇನೆಂದು ಯಾರಿಗೂ ತಿಳಿಸಿರಲಿಲ್ಲ. ಆ ವಾರ ಸ್ಟೇಷನ್ ರಸ್ತೆಯಲ್ಲಿ ಆಟೋ ಬಂದಿತ್ತು.

‘ಹಚ್ಚಿ, ಹಸರ ಸೀರಿ ಅಂದಾಗ ಎದಿ ಝಲ್ ಅಂತ್ರಿ. ಹೊಂಟ ಬಂದ ದಿನಾ ಇದ ಸೀರಿ ಉಟ್ಟಿದ್ನಿ. ಆದ್ರೂ ನಂಬಲಿಲ್ಲರಿ. ಕಡೀಕ ಕೈಕಾಲ ತೊಳಕೊಂಡು ಉಣ್ಣಾಕ ಬಾ ಅಂದ್ರಲ್ರಿ, ನಮ್ಮವ್ವ ದಿನಾ ಹಂಗ ಕರೀತಿದ್ಲು. ಅವ್ವನ ಹೇಳಿ ಕಳಿಸ್ಯಾಳ ಅನಕೊಂಡ್ನಿ. ಆಟೋದ ಬೆನ್ನ ಹತ್ತಿ ಓಡಿ ನಿಲ್ಲಿಸಿದ್ನಿರಿ.’

‘ಆಟೋದಾವ ಏನಂದ?’

‘ನೀವೀಗ ಬೈದ್ರಲ್ರಿ, ಅವ್ರ ಇದ್ರು. ಯಾರ ಹೇಳಸ್ಯಾರ್ರಿ ಅಂತ ಕೇಳಿದ್ನಿ. ಶುಕ್ರವಾರ ಚಿಕ್ಕೋಡಿ ಟಾಕೀಜ ಹತ್ರ ಬರ್ರಿ, ಎಲ್ಲಾ ಗೊತ್ತಾಗತೈತಿ ಅಂದ್ರು.’

‘ನಿನ್ನ ಕೈ ನೋಡಿದನೇನು?’

‘ತೋರಿಸಿದ್ನಿರಿ. ನೋಡಿದ್ರು. ಬರ್ರಿ ಅಂದ್ರು.’

ನೋಡಿದ್ದ. ಎದುರಿಗೆ ನಿಂತವಳ ಕೈ ಮೇಲಿನ ಹಚ್ಚೆ ನೋಡಿಯೂ, ಬರ್ರಿ ಅಂದಿದ್ದ. ಆ ಒಂದು ಮಾತು ಕೇಳಿದ ಮೇಲೆ ಅವನು ನನಗೆ ತಮ್ಮನಾಗಿ ಉಳಿಯಲಿಲ್ಲ.

ಅವಳಿಗೆ ಸತ್ಯ ಹೇಳಲೇಬೇಕಾಗಿತ್ತು. ನನ್ನ ಬಾಯಿಂದ ಕೇಳಿ ಬಂದವಳು, ನನ್ನ ಬಾಯಿಂದಲೇ ಕೇಳಬೇಕು. ‘ನಿಮ್ಮವ್ವ ಹೇಳಿಸಿಲ್ಲವಾ. ಅದು ಪಿಕ್ಚರಿನ ಪ್ರಚಾರ. ನನಗೂ ಗೊತ್ತಿರಲಿಲ್ಲ,’ ಎಂದೆ.

‘ಮತ್ತ ಆ ಕಡೀ ಮಾತು?’

‘ಅದು ನಂದು. ನಾನ ಸೇರಿಸಿದ್ದು.’

ಅವಳು ಅಳಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ತೊಡೆಯ ಮೇಲಿಟ್ಟು ಸುಕ್ಕು ಬಿಡಿಸಿದಳು, ಮತ್ತೆ ಮಡಿಸಿದಳು. ‘ಹಂಗಾರ ಮನ್ಯಾಗ ಯಾರೂ ಹುಡುಕಿಲ್ಲ,’ ಎಂದಳು.

ಮನೆಗೆ ಬಾ, ಉಂಡು ಹೋಗು ಎಂದು ಕರೆದೆ. ಬರಲಿಲ್ಲ. ಅದೇ ಮಾತಿನಿಂದ ಒಮ್ಮೆ ಮೋಸಹೋದವಳನ್ನು ಯಾವ ಮುಖ ಹೊತ್ತು ಕರೆದೆನೋ. ‘ಅಜ್ಜಿಗೆ ಹೇಳಿ ಬಂದೀನ್ರಿ, ತವರಿಗೆ ಹೊಂಟೀನಿ ಅಂತ. ದಾರೀಗೆ ಇರಲಿ ಅಂತ ಚಪಾತಿ ಕಟ್ಟಿಕೊಟ್ಟಾಳ. ಈಗ ತಿರಗಿ ಹೋಗಿ ಏನ ಹೇಳಲಿ?’ ಎಂದು ಕೇಳಿದಳು. ರಾಯಬಾಗದ ಮೇಲೆ ಕುಡಚಿಗೆ ಹೋಗುವ ಬಸ್ಸು ಬಂದು ನಿಂತಿತು.

ನನ್ನ ಚೀಲ ಹಾಗೇ ಇತ್ತು. ‘ಒಂದು ಗಳಿಗಿ ತಡಿ, ಸೆರಗು ಒಡ್ಡವಾ,’ ಎಂದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಒಡ್ಡಿದಳು. ನಿಲ್ದಾಣದ ಗದ್ದಲದಲ್ಲಿ, ಜನ ನೋಡುತ್ತಿರುವಂತೆಯೇ, ಅಕ್ಕಿ, ಕೊಬ್ಬರಿ, ಅರಿಸಿನದ ಬೇರು, ಎಲೆ ಅಡಿಕೆ ಹಾಕಿ ಅವಳ ಉಡಿ ತುಂಬಿದೆ. ತಮ್ಮ ಕೊಟ್ಟ ಕಣವನ್ನು ಇಡಲು ಮನಸ್ಸಾಗಲಿಲ್ಲ, ಆದರೆ ಕಣವಿಲ್ಲದ ಉಡಿ ಉಡಿಯಲ್ಲ. ಇಟ್ಟೆ. ತವರಿನಿಂದ ಹೊರಡುವ ಹೆಣ್ಣಿನ ಹಾಗೆ ಅವಳು ಸೆರಗಿನ ಗಂಟು ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು.

ಕಿಟಕಿಯ ಹತ್ತಿರ ಕೂತ ಮೇಲೆ ಹೊರಗೆ ಬಗ್ಗಿ ನನ್ನನ್ನು ಕರೆದಳು.

‘ಅಕ್ಕಾರ, ಮುಂದ ಎಂದಾದ್ರೂ ನಮ್ಮವ್ವ ಖರೇನ ನಿಮ್ಮ ಕಡೆ ಬಂದ್ರ, ನನಗ ಹೆಂಗ ಗೊತ್ತಾಗಬೇಕ್ರಿ?’

ನಾನು ಕಿಟಕಿಯ ಸರಳು ಹಿಡಿದುಕೊಂಡೆ.

‘ಗುರ್ತು ಯಾರಿಗಿ ಬೇಕಾದ್ರೂ ಹೊಂದತಾವ. ನೀವು ನನ್ನ ಹೆಸರ ಹೇಳ್ರಿ. ಹೆಸರ ಹೇಳಿ ಕರದ್ರ ಬರತೀನಿ,’ ಎಂದು ತನ್ನ ಹೆಸರು ಹೇಳಿದಳು. ಬಸ್ಸಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದಳು.

ಪಿಕ್ಚರು ಎರಡನೆಯ ಶುಕ್ರವಾರ ಕಾಣಲಿಲ್ಲ. ನನ್ನ ಮಾತು ಮಾತ್ರ ಉಳಿಯಿತು. ಮದುವೆಯಲ್ಲಿ ಮುನಿಸಿಕೊಂಡ ಗೆಳತಿಯನ್ನು ಕರೆಯಲು, ಕ್ರಿಕೆಟ್ಟಿನಲ್ಲಿ ಔಟಾದವನನ್ನು ಅಣಕಿಸಲು, ಹುಡುಗರು ನನ್ನ ದನಿ ತೆಗೆದು ‘ಮನಿಗಿ ಬಾ’ ಅನ್ನುತ್ತಿದ್ದರು. ರೀಲು ಎಲ್ಲರ ಫೋನಿನಲ್ಲೂ ಇತ್ತು. ಕುಡಚಿಯಲ್ಲೂ ಫೋನುಗಳಿವೆ. ಅವಳು ಫಾಲ್ ಹಚ್ಚುತ್ತ ಕೂತಿರುವಾಗ ಪಕ್ಕದ ಮನೆಯಿಂದ ಅದು ಕೇಳಿಸಿರುತ್ತದೆ, ಹಿಂದೆಯೇ ನಗುವೂ ಕೇಳಿಸಿರುತ್ತದೆ.

ಆಟೋದವನಿಗೆ ಅವಳ ಸಂಗತಿ ಹೇಳಿದೆ. ‘ನಾನೇನ ಮಾಡ್ಲಿ ಅಕ್ಕಾ, ಕೇಳಿದವ್ರಿಗೆಲ್ಲಾ ಹಂಗ ಹೇಳು ಅಂದಿದ್ರು’ ಎಂದ. ಪಂಚಮಿಗೆ ಎಂದಿನಂತೆ ಬಂದು ಬಾಗಿಲು ಬಡಿದ. ‘ಮನ್ಯಾಗ ಯಾರೂ ಇಲ್ಲ’ ಎಂದು ಒಳಗಿನಿಂದ ನಾನೇ ಹೇಳಿದೆ. ನನ್ನ ದನಿ ಅವನಿಗೆ ಗೊತ್ತಿಲ್ಲದ್ದೇನಲ್ಲ. ಸ್ವಲ್ಪ ಹೊತ್ತು ನಿಂತು ಹೋದ. ಆ ವರ್ಷದ ಉಂಡಿಯನ್ನು ನಾವೇ ತಿಂದೆವು. ನಿಜವಾಗಿಯೂ ಗಟ್ಟಿಯಾಗಿದ್ದವು.

ಆಮೇಲೆ ಅಥಣಿ ಕಡೆಯ ಒಬ್ಬ ಮುದುಕರು ಮರೆವಿನಿಂದ ಮನೆ ಬಿಟ್ಟು ಹೋದರು. ಮಕ್ಕಳು ನನ್ನ ಹತ್ತಿರ ಬಂದರು. ಮೈಕಿನಲ್ಲಿ ಹೇಳಿ ಕೊಟ್ಟೆ. ಬೇರೆ ಆಟೋದವನೊಬ್ಬ ಹಚ್ಚಿಕೊಂಡು ಹೋದ. ಸಂಜೆ ಬಂದು ಸಂಕೋಚದಿಂದ, ‘ಬಾಯಾರ, ಮಂದಿ ಯಾವ ಪಿಕ್ಚರ್ರಿ ಅಂತ ಕೇಳಾಕತ್ತಾರ’ ಎಂದ. ಮುದುಕರು ತಾವಾಗಿಯೇ ಯಾರದೋ ಗಾಡಿಯಲ್ಲಿ ಮನೆ ಸೇರಿದರು, ದೇವರು ದೊಡ್ಡವನು. ಆದರೆ ಅವರಿಗಾಗಿ ಯಾರೂ ಕಬ್ಬಿನ ಫಡದೊಳಗೆ ನಡೆದು ನೋಡಲಿಲ್ಲ. ನಳ ಬಂದ್ ಮಾಡಿ ಹೊಸ್ತಿಲಿಗೆ ಬಂದವರೂ ಇಲ್ಲವಂತೆ.

ಈಗ ನಾನು ಪದ್ಧತಿ ಬದಲಿಸಿದ್ದೇನೆ. ಹೆಣ್ಣಾಗಲಿ ಗಂಡಾಗಲಿ, ಹೆಸರು ಹೇಳುವುದಾದರೆ ಮಾತ್ರ ಮೈಕು ಹಿಡಿಯುತ್ತೇನೆ. ಕೆಲವರು ಮುಖ ಸಣ್ಣದು ಮಾಡಿಕೊಂಡು, ಮರ್ಯಾದೆಯ ಪ್ರಶ್ನೆ ಎಂದು ಎದ್ದು ಹೋಗುತ್ತಾರೆ. ಹೋಗಲಿ. ವಯಸ್ಸಾದ ಹೆಂಗಸರು ಬಾಗಿಲಿಗೆ ಬಂದರೆ ಮಾತ್ರ ಅವಳ ಅವ್ವನೇನೋ ಅನಿಸುತ್ತದೆ. ಒಳಗೆ ಕೂರಿಸಿ, ನೀರು ಕೊಟ್ಟು, ಯಾರನ್ನು ಹುಡುಕುತ್ತಿದ್ದೀರಿ ಎಂದು ನಾನೇ ಮೊದಲು ಕೇಳುತ್ತೇನೆ. ಒಬ್ಬರು ಎಮ್ಮೆ ಎಂದರು, ಇನ್ನೊಬ್ಬರು ಕಾಲುಗೆಜ್ಜೆ ಎಂದರು.

ಕೆಲಸ ಮುಗಿದ ಮೇಲೆ ಕೌದಿಯ ಕೋಣೆಯಲ್ಲಿ ಮೈಕು ಆರಿಸಿ, ಅವಳ ಹೆಸರನ್ನು ಒಮ್ಮೆ ಹೇಳಿ ನೋಡುತ್ತೇನೆ. ಕನ್ನಡದಲ್ಲೂ ಮರಾಠಿಯಲ್ಲೂ ಅದು ಒಂದೇ. ಅದನ್ನು ಹೇಳಿಸಲು ಇಲ್ಲಿಯವರೆಗೆ ಯಾರೂ ಬಂದಿಲ್ಲ.